ಅತ್ತೆಗೆ ಹಿಡಿದ ಸೀಸ

ಜೂನ್ 11, ಬುಧವಾರ

ಅತ್ತೆಗೆ ಹುಚ್ಚು ಹಿಡಿದಿಲ್ಲ, ಸೀಸ ಹಿಡಿದಿದೆ. ನನಗೆ ಎಷ್ಟು ಖುಷಿಯಾಯಿತೆಂದರೆ ಹುಬ್ಬಳ್ಳಿಯ ಆಸ್ಪತ್ರೆಯ ಲಿಫ್ಟಿನಲ್ಲೇ ಗಂಡ ನಂದೀಶನ ಕೆನ್ನೆಗೆ ಮುತ್ತು ಕೊಟ್ಟುಬಿಟ್ಟೆ. ಲಿಫ್ಟಿನ ಮುದುಕ ಗೋಡೆ ಕಡೆ ತಿರುಗಿ ನಿಂತ.

ರಕ್ತದಲ್ಲಿ ವಿಷ ಸಿಕ್ಕಿದ್ದಕ್ಕೆ ಖುಷಿಪಡುತ್ತಾರೆಯೇ ಎಂದು ಕೇಳುವವರು ಬೆಟಗೇರಿಯ ನಮ್ಮ ಮನೆಯಲ್ಲಿ ಎರಡು ತಿಂಗಳು ಇದ್ದು ನೋಡಲಿ. ಮದುವೆಯಾದದ್ದು ಫೆಬ್ರವರಿಯಲ್ಲಿ. ಯುಗಾದಿ ಮುಗಿಯುವಷ್ಟರಲ್ಲಿ ಅತ್ತೆ ಹೊಟ್ಟೆ ಹಿಡಿದುಕೊಂಡು ಕೂತರು. ಸ್ಕ್ಯಾನಿನಲ್ಲಿ ಏನೂ ಇಲ್ಲ, ಎಂಡೋಸ್ಕೋಪಿಯಲ್ಲಿ ಏನೂ ಇಲ್ಲ. ಆಮೇಲೆ ಸಿಟ್ಟು ಶುರುವಾಯಿತು. ಉಪ್ಪು ಹಾಕಿದ್ದನ್ನು ಮರೆತು ಮತ್ತೆ ಹಾಕುವುದು, ಅದಕ್ಕೆ ನನ್ನನ್ನು ಬಯ್ಯುವುದು, ಬಯ್ದು ತಾವೇ ಅಳುವುದು. ಮನಾಲಿಯ ಟಿಕೆಟ್ ರದ್ದಾಯಿತು. ನಾನು ಕೊಂಡ ಕೆಂಪು ಜಾಕೆಟ್ ಇನ್ನೂ ಪ್ಲಾಸ್ಟಿಕ್ ಕವರಿನಲ್ಲಿದೆ. ಧಾರವಾಡದಲ್ಲಿ ಮನೋರೋಗದ ಡಾಕ್ಟರಿಗೆ ತೋರಿಸಿ ಎಂದು ಒಬ್ಬರು ಹೇಳಿದರು. ತೀರಿಹೋದ ಮಾವನ ಅಕ್ಕ, ಶಿರಹಟ್ಟಿಯ ಅಮೃತವ್ವತ್ತಿ, ಬಂದು ನಿಂಬೆಹಣ್ಣು ಇಳಿಸಿದರು. ಇಳಿಸುತ್ತಲೇ ನನಗೆ ಕೇಳುವಂತೆ ಹೇಳಿದರು: "ನೀಲಗಂಗಾ ಕಲ್ಲಿನಂಗ ಇದ್ಲು. ಸೊಸಿ ಒಳಗ ಕಾಲಿಟ್ಲು, ಇಕಿ ಹಾಸಿಗಿ ಹಿಡದ್ಲು. ನಾ ಏನೂ ಅನ್ನಂಗಿಲ್ಲವಾ, ಕಂಡದ್ದ ಹೇಳಿದೆ."

ಈಗ ಬರಲಿ ಅವರು. ತಪ್ಪು ನನ್ನ ಕಾಲ್ಗುಣದ್ದಲ್ಲ, ಪೀರಿಯಾಡಿಕ್ ಟೇಬಲ್ಲಿನದು.

ಇದನ್ನು ಕನ್ನಡದಲ್ಲೇ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ನನ್ನ ಸಿಟ್ಟು ರಜೆ ಅರ್ಜಿಯ ಹಾಗಾಗುತ್ತದೆ.

ಜೂನ್ 13

ಡಾಕ್ಟರ್ ರುಹಿ ಅತ್ತೆಯ ತುಟಿ ಎತ್ತಿ ಒಸಡು ತೋರಿಸಿದರು. ಹಲ್ಲಿನ ಬುಡಕ್ಕೆ ಪೆನ್ಸಿಲಿನಿಂದ ಎಳೆದಂಥ ಗೆರೆ. ಇಷ್ಟು ದಿನ ಅತ್ತೆ ಬಾಯಿ ತೆರೆದು ಬಯ್ಯುವಾಗೆಲ್ಲ ಅದು ನನ್ನ ಎದುರಿಗೇ ಇತ್ತು.

"ಸೀಸ ಭಾಳ ಮೋಸಗಾರ," ಎಂದರು. "ಕ್ಯಾಲ್ಸಿಯಂ ವೇಷ ಹಾಕ್ಕೊಂಡು ಎಲುಬಿನಾಗ ಹೊಕ್ಕು ಕುಂಡ್ರತೈತಿ. ದೇಹಕ್ಕ ಅದನ್ನ ತಾನಾಗಿ ಹೊರಗ ಹಾಕಾಕ ಬರಂಗಿಲ್ಲ. ಕೀಲೇಶನ್ ಅಂತ ಚಿಕಿತ್ಸಾ ಐತಿ. ಈ ಔಷಧಕ್ಕ ಏಡಿಗೆ ಇರೋಹಂಗ ಎರಡು ಕೈ ಅವ ಅಂತ ತಿಳೀರಿ. ರಕ್ತದಾಗಿನ ಸೀಸಾನ ಎರಡೂ ಕಡೆಯಿಂದ ಹಿಡಕೊಂಡು ಕಿಡ್ನಿ ಕಡೆ ಎಳಕೊಂಡ ಹೋಗತೈತಿ. ಮೂತ್ರದಾಗ ಹೊರಗ."

ಆ ಹೆಸರೇ ಏಡಿಯ ಕೈ ಎಂಬ ಗ್ರೀಕ್ ಮಾತಿನಿಂದ ಬಂತಂತೆ. ನನಗೆ ಬಹಳ ಚಂದ ಅನಿಸಿತು. ಅತ್ತೆ ಸೆರಗು ಬಾಯಿಗೆ ಹಿಡಿದು ನಂದೀಶನ ಕಿವಿಯಲ್ಲಿ ಕೇಳಿದರು, "ಏಡಿ ಹಾಕ್ಯಾರೇನೋ ಇದರಾಗ? ನಾ ಲಿಂಗಾ ಕಟ್ಟಿದಾಕಿ."

ನಾನು ನಕ್ಕೆ. ಅವರು ನಗಲಿಲ್ಲ.

ಸೀಸ ಬಂದದ್ದು ಎಲ್ಲಿಂದ ಎಂಬುದೇ ಡಾಕ್ಟರ ದೊಡ್ಡ ಚಿಂತೆ. ಕುಂಕುಮ, ಅರಿಶಿಣ, ಭಸ್ಮ, ಎಲ್ಲ ಕೇಳಿದರು. ಕೊನೆಗೆ, "ಮುಂಜಾನಿ ಏನ ತಿಂತೀರವ್ವಾ?"

"ಏನ ತಿಂತೀನ್ರಿ. ಉಳದ ರೊಟ್ಟಿ, ನಿನ್ನಿ ಸಾರು."

"ಸಾರು ಯಾವುದರಾಗ ಇಟ್ಟಿರ್ತೀರಿ?"

"ಹಿತ್ತಾಳಿ ಬೋಗುಣ್ಯಾಗ್ರಿ. ಮದಿವಿಗಿ ಹೊಸಾ ಕಲಾಯಿ ಹಾಕಿಸೇವಿ. ಕಿಲುಬು ಬರಂಗಿಲ್ಲ, ಚಲೋ ಇರತೈತಿ."

ಡಾಕ್ಟರ್ ಬರೆಯುವುದನ್ನು ನಿಲ್ಲಿಸಿದರು. ಒಂದು ಪಾತ್ರೆ ತಂದು ಕೊಡಲು ಹೇಳಿದರು. ಅದು ಮೂಲವೇ ಆಗಿದ್ದರೆ ಮೊದಲು ಅದು ನಿಲ್ಲಬೇಕು. ಹೊರಗಿನಿಂದ ಸೀಸ ಬರುತ್ತಿರುವಾಗಲೇ ಈ ಔಷಧ ಕೊಟ್ಟರೆ ಹೊಟ್ಟೆಯಲ್ಲಿರುವ ಸೀಸ ಇನ್ನೂ ಬೇಗ ರಕ್ತಕ್ಕೆ ಏರಬಹುದಂತೆ.

ಜೂನ್ 19

ಪಾತ್ರೆಯೇ. ಕಲಾಯಿ ಎಂದರೆ ಹಿತ್ತಾಳೆಯ ಒಳಮೈಗೆ ಬೆಳ್ಳಗೆ ಹಚ್ಚುವ ಲೋಹದ ಪದರ, ಹುಳಿ ತಾಗಿ ಹಿತ್ತಾಳೆ ಕೆಡದಿರಲಿ ಎಂದು. ನಮ್ಮ ಪಾತ್ರೆಗಳ ಕಲಾಯಿಯಲ್ಲಿ ಸೀಸ ಬೆರೆಸಿದ್ದಾರೆ. ಅಗ್ಗ ಬೀಳುತ್ತದೆ, ಫಳಫಳ ಹೊಳೆಯುತ್ತದೆ. ನಂದೀಶ, ನಾನು ಮಧ್ಯಾಹ್ನ ಬಿಸಿ ಸಾರು ಉಂಡು ಏಳುತ್ತಿದ್ದೆವು, ಮುಂಜಾನೆ ನನ್ನದು ಓಟ್ಸ್. ಕಡೆಗೆ ಉಣ್ಣುವ ಅತ್ತೆ ಮಾತ್ರ ಹುಣಸೆಹುಳಿಯ ಸಾರನ್ನು ರಾತ್ರಿಯಿಡೀ ಆ ಬೋಗುಣಿಯಲ್ಲಿ ಬಿಟ್ಟು, ಮರುದಿನ ತಳ ಬಳಿದು ತಿನ್ನುತ್ತಿದ್ದರು. ಹೋಳಿಗೆ ಮಾಡಿದ ದಿನದ ಕಟ್ಟಿನ ಸಾರಂತೂ ಮೂರು ದಿನ. ಹಳತಾದಷ್ಟೂ ರುಚಿ ಎಂದು ಬೆರಳು ನೆಕ್ಕುತ್ತ. ನಮ್ಮಿಬ್ಬರ ರಕ್ತದಲ್ಲೂ ಸ್ವಲ್ಪ ಇದೆ, ಔಷಧ ಬೇಕಾಗುವಷ್ಟಿಲ್ಲ. ಅದು ಇಳಿಯುವ ತನಕ ಮಗುವಿನ ಯೋಚನೆ ಬೇಡ ಎಂದರು ಡಾಕ್ಟರ್. ಅಮೃತವ್ವತ್ತಿ ವಾರಕ್ಕೊಮ್ಮೆ ಫೋನಿನಲ್ಲಿ ಕೇಳುವ ಪ್ರಶ್ನೆಗೆ ಈಗ ನನ್ನ ಬಳಿ ವೈಜ್ಞಾನಿಕ ಉತ್ತರವಿದೆ.

ಸಿಟ್ಟಿನಲ್ಲಿ ಕಪಾಟು ತೆರೆದು ಎಲ್ಲ ಹಿತ್ತಾಳೆಯನ್ನೂ ಗೋಣಿಚೀಲಕ್ಕೆ ತುಂಬಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಯಾವನ ಹಾಕ್ಯಾನ್ರಿ ಈ ಕಲಾಯಿ?"

"ನಮ್ಮ ಕಲಾಯಿ ಮುರ್ತುಜಾ ಊರಾಗ ಇರಲಿಲ್ಲ. ಯಾವನೋ ಗಾಡಿ ಮ್ಯಾಲ ಬಂದಿದ್ದ."

"ಅವ ಬರೂತನಕ ತಡೀಬೇಕಿತ್ತಲ್ಲ."

"ಹೆಂಗ ತಡೀಲಿ? ಹುಬ್ಬಳ್ಳಿ ಇಂಗ್ಲೀಷ್ ಸಾಲಿ ಹುಡುಗಿ ಬರ್ತಾಳ, ಕರೇ ಪಾತ್ರಿ ನೋಡಿ ಮೂಗ ಮುರೀತಾಳ ಅಂತ ಹಾಕ್ಸಿದೆ."

ಯಾರು ಕೇಳಿದ್ದರು ಇವರನ್ನು? ನಾನು ಕೇಳಿದ್ದೆನೇ? ಬಂದ ದಿನ ಆ ಸಾಲು ಬೋಗುಣಿಗಳ ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದ್ದು ನಿಜ. ಅಷ್ಟು ಚಂದ ಇದ್ದವು. ಈಗ ನೋಡಿದರೆ ಮೈ ಉರಿಯುತ್ತದೆ.

"ಎಲ್ಲಾ ಗುಜರಿಗೆ," ಎಂದೆ. ಅತ್ತೆ ದೇವರ ಕೋಣೆಗೆ ಹೋದರು.

ಜೂನ್ 25

ಕ್ಯಾಪ್ಸೂಲ್ ಬೆಂಗಳೂರಿನಿಂದ ಬಂದವು. ಡಬ್ಬಿ ತೆರೆದ ಕೂಡಲೇ ಅಡುಗೆಮನೆಯ ತುಂಬ ಕೊಳೆತ ಮೊಟ್ಟೆಯ ವಾಸನೆ. ಗಂಧಕ ಇದೆಯಂತೆ ಅದರಲ್ಲಿ, ಸೀಸವನ್ನು ಹಿಡಿಯುವ ಕೈ ಅದೇ. ಇದನ್ನು ಅತ್ತೆಗೆ ಹೇಗೆ ಹೇಳುವುದು?

"ತತ್ತಿ ಐತಿ ಇದರಾಗ."

"ಇಲ್ರಿ ಅತ್ತಿ. ಅದು ಸಲ್ಫರ್."

"ಹೆಸರು ಏನರ ಇರಲಿ. ಈ ಮನ್ಯಾಗ ತತ್ತಿ ಬಂದದ್ದಿಲ್ಲ. ನಿಮ್ಮ ಮಾವ ಕೇಕ್ ಸೈತ ಒಳಗ ತರತಿದ್ದಿಲ್ಲ."

"ಮಾವಂಗ ಸೀಸ ಹಿಡದಿದ್ದಿಲ್ಲ."

ಹಿಂಡಿ ಅಂಗಡಿಯಿಂದ ಊಟಕ್ಕೆ ಬಂದ ನಂದೀಶ ನಮ್ಮಿಬ್ಬರ ನಡುವೆ ನಿಂತು ದನಗಳ ಜಗಳ ಬಿಡಿಸುವವನ ಹಾಗೆ ಎರಡೂ ಕೈ ಎತ್ತಿದ. ಅವನು ದಿನವೆಲ್ಲ ಶೇಂಗಾ ಹಿಂಡಿ, ಹತ್ತಿಕಾಳಿನ ಹಿಂಡಿ ಮಾರುತ್ತಾನೆ, ದನ ಮೇವು ಬಿಟ್ಟರೆ ಬೇರೆ ಮಾತು ಬರುವುದಿಲ್ಲ. "ಬೆಲ್ಲದಾಗ ಇಟ್ಟು ಕೊಡು," ಎಂದ. ಆಕಳಿಗೆ ಹಾಗೆ ಕೊಡುತ್ತಾರಂತೆ. ಅದು ಅತ್ತೆಗೆ ಕೇಳಿಸಿತು.

ಕೊನೆಗೆ ನಾನೇ ಕೂಗಾಡಿದೆ. ನುಂಗದಿದ್ದರೆ ಕೈ ಹೋಗುತ್ತದೆ, ತಲೆ ಹೋಗುತ್ತದೆ, ಆಮೇಲೆ ನಿಮ್ಮನ್ನು ನೋಡಿಕೊಳ್ಳಲು ಶಿರಹಟ್ಟಿಯವರನ್ನೇ ಕರೆಸುತ್ತೇನೆ ಎಂದೆ. ಅತ್ತೆ ಕ್ಯಾಪ್ಸೂಲನ್ನು ಅಂಗೈಯಲ್ಲಿ ಹಿಡಿದು ದೇವರ ಕೋಣೆಗೆ ಹೋದರು. "ಅಲ್ಲೇ ತಗೋತೀನಿ. ಶಿವ ನೋಡ್ಲಿ ನಾ ಏನ ನುಂಗಾಕತ್ತೀನಿ ಅಂತ. ನೀ ಬರಬ್ಯಾಡ."

ದಿನವೂ ಹಾಗೇ ಆಗುತ್ತಿದೆ. ಹೋಗಲಿ. ಎಲ್ಲಿ ನುಂಗಿದರೇನು.

ಜುಲೈ 10

ಏರಿದೆ. ಇಳಿಯಬೇಕಾದದ್ದು ಏರಿದೆ. ಡಾಕ್ಟರ್ ರುಹಿ ರಿಪೋರ್ಟನ್ನು ನನ್ನ ಕಡೆ ತಿರುಗಿಸಿದಾಗ ನಾನೇ ಪರೀಕ್ಷೆಯಲ್ಲಿ ಫೇಲಾದ ಹಾಗೆ ಮುಖ ಬಿಸಿಯಾಯಿತು.

"ಮನ್ಯಾಗ ಇನ್ನೂ ಎಲ್ಲೋ ಐತಿ," ಎಂದರು.

"ಒಂದ ಪಾತ್ರಿ ಬಿಟ್ಟಿಲ್ರಿ. ಸೌಟು ಸೈತ ಸ್ಟೀಲಿಂದು."

ಹಾಗಿದ್ದರೆ ಉತ್ತರ ಒಂದೇ. ಅತ್ತೆ ನುಂಗುತ್ತಿಲ್ಲ. ದೇವರ ಕೋಣೆಯಲ್ಲಿ ಹೂವಿನ ಬುಟ್ಟಿಗೆ ಹಾಕುತ್ತಿದ್ದಾರೆ. ಬಸ್ಸಿನಲ್ಲಿ ಗದಗ ಮುಟ್ಟುವ ತನಕ ತಡೆದುಕೊಂಡೆ. ಮನೆಗೆ ಬಂದವಳೇ ಕೇಳಿಬಿಟ್ಟೆ.

"ಖರೆ ಹೇಳ್ರಿ. ಎಲ್ಲಿ ಒಗೀತೀರಿ?"

"ಒಂದ ತಪ್ಪಿಸಿಲ್ಲ. ನನ್ನ ಲಿಂಗದಾಣಿ."

"ಮತ್ತ ಹೆಂಗ ಏರತೈತ್ರಿ?"

"ನಿಮ್ಮ ಔಷಧಾನ ಖೊಟ್ಟಿ ಇದ್ದೀತು. ನಿಮ್ಮ ಡಾಕ್ಟರಿಣಿ ಖೊಟ್ಟಿ ಇದ್ದಾಳು. ನೀ ಒಬ್ಬಾಕಿ ಭಾಳ ಶಾಣ್ಯಾಕಿ."

ನಂದೀಶ ಅಂಗಡಿಗೆ ಓಡಿದ. ಅವನ ಮೇಲೆ ಎಲ್ಲರಿಗಿಂತ ಹೆಚ್ಚು ಸಿಟ್ಟು.

ಜುಲೈ 11

ಇವತ್ತು ದೇವರ ಕೋಣೆಯ ಬಾಗಿಲಿನ ಹಿಂದೆ ನಿಂತು ಕದ್ದು ನೋಡಿದೆ. ನಾಚಿಕೆ ಇಲ್ಲ.

ಅತ್ತೆ ನುಂಗಿದರು. ನಿಜವಾಗಿ ನುಂಗಿದರು, ಕಣ್ಣು ಗಟ್ಟಿಯಾಗಿ ಮುಚ್ಚಿ, ಮುಖ ಕಿವುಚಿ. ಆಮೇಲೆ ದೇವರ ಜಗಲಿಯ ಕೆಳಗೆ ಕೈ ಹಾಕಿ, ಮಡಿಬಟ್ಟೆ ಮುಚ್ಚಿದ್ದ ಒಂದು ಪುಟ್ಟ ಹಿತ್ತಾಳೆ ಬೋಗುಣಿ ತೆಗೆದು ಎರಡು ಗುಟುಕು ಕುಡಿದರು. ನಿನ್ನೆಯ ಸಾರು. ಹುಳಿ.

ನಾನು ಕಿರುಚಿದ್ದು ಬೀದಿಗೆ ಕೇಳಿಸಿರಬೇಕು.

"ಆ ನಾತಕ್ಕ ನೀರು ಸಾಲಂಗಿಲ್ಲವಾ," ಎಂದರು ಅತ್ತೆ. ಕಳ್ಳತನ ಸಿಕ್ಕಿದವರ ದನಿಯಲ್ಲ, ಆಯಾಸದ ದನಿ. "ತತ್ತಿ ನಾತ ಗಂಟಲದಾಗ ನಿಲ್ಲತೈತಿ. ಹುಳಿ ಕುಡದ್ರ ಹೊಕ್ಕೈತಿ. ಇಲ್ಲಾಂದ್ರ ಕಾರಿಕೊಳ್ಳತಿದ್ದೆ. ನೀ ನುಂಗು ಅಂದಿದ್ದೆಲ್ಲ, ಅದಕ್ಕ ಕುಡದೆ."

"ಆ ಬೋಗುಣಿ ಎಲ್ಲಿಂದ ಬಂತು?"

"ನಮ್ಮವ್ವಂದು. ಮುಳಗುಂದದಿಂದ ನನ್ನ ಮದಿವ್ಯಾಗ ಕೊಟ್ಟಿದ್ದು. ನೀ ಎಲ್ಲಾ ಗುಜರಿಗೆ ಅಂದಿ. ಇದೊಂದ ತಗದ ಇಟ್ಟೆ. ನಮ್ಮವ್ವನ ಬೋಗುಣ್ಯಾಗ ಹೆಂಗ ವಿಷ ಇರತೈತಿ?"

"ಇದಕ್ಕೂ ಆ ಗಾಡಿಯವನ ಕಲಾಯಿ ಹಾಕ್ಯಾನೋ ಇಲ್ಲೋ?"

ಅತ್ತೆ ಬೋಗುಣಿಯ ಒಳಗೆ ನೋಡಿದರು. ಬೆರಳಿನಿಂದ ಹೊಳೆಯುವ ತಳ ಸವರಿದರು.

ಏಡಿಯನ್ನು ಬಾಯಿಗೆ ಹಾಕಿ, ಅದರ ಹಿಂದೆಯೇ ಹೊಸ ಸೀಸ. ದಿನವೂ. ಡಾಕ್ಟರ್ ಹೇಳಿದ್ದು ಅಕ್ಷರಕ್ಕೆ ಅಕ್ಷರ ಆಗಿದೆ. ನಾನು ಏನೇನು ಅಂದೆನೋ ಎಲ್ಲ ನೆನಪಿಲ್ಲ. "ಈ ಮನ್ಯಾಗ ಅದರ ಇರಬೇಕು, ಇಲ್ಲಾ ನಾನರ ಇರಬೇಕು" ಅಂದದ್ದು ನೆನಪಿದೆ.

"ನೀ ಯಾಕ ಹೊಕ್ಕಿ," ಎಂದರು ಅತ್ತೆ. "ಹೊಸಾ ಲಗ್ನದಾಕಿ. ಹೋಗೂದಾದ್ರ ನಾ ಹೊಕ್ಕೀನಿ."

ನಾಟಕ.

ಜುಲೈ 12

ಮುಂಜಾನೆ ರೊಟ್ಟಿ ಬಡಿಯಲು ಕೂತರು. ಬಲಗೈ ಏಳಲಿಲ್ಲ. ಮಣಿಕಟ್ಟಿನಿಂದ ಕೆಳಗೆ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಎಡಗೈಯಿಂದ ಅದನ್ನು ಎತ್ತಿ ಹಿಟ್ಟಿನ ಮೇಲೆ ಇಟ್ಟರು. ಮತ್ತೆ ಇಟ್ಟರು.

ಮಧ್ಯಾಹ್ನ ನಂದೀಶನನ್ನು ನೋಡಿ "ಇವ ಯಾರ?" ಎಂದು ಕೇಳಿದರು.

ಅವನು ಅವರನ್ನು ಬೆಂಗಳೂರಿಗೆ ಕರೆದುಕೊಂಡು ಹೋದ. ನರಕ್ಕೆ ಡ್ರಿಪ್ ಕೊಡಬೇಕಂತೆ. ನನಗೆ ಅಂಗಡಿಯ ಕೀಲಿ ಕೊಟ್ಟ.

ಜುಲೈ 17

ಹಿಂಡಿ ವ್ಯಾಪಾರ ಎಂದರೆ ಇಷ್ಟು ಧೂಳು ಎಂದು ಯಾರೂ ಹೇಳಿರಲಿಲ್ಲ. ನಮ್ಮ ಹಮಾಲ ಹನಮಂತ ಚೀಲ ಎತ್ತುತ್ತಾನೆ, ನಾನು ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತೇನೆ. ಹೊಂಬಳದ ಒಬ್ಬ ಮುದುಕ ನನ್ನನ್ನು ನೋಡಿ ಪಕ್ಕದ ಅಂಗಡಿಯೇನೋ ಎಂದು ಹೊರಗೆ ಹೋಗಿ ಬೋರ್ಡ್ ಓದಿ ಬಂದ.

ಅಮೃತವ್ವತ್ತಿ ನೆರವಿಗೆಂದು ಬಂದಿದ್ದಾರೆ. ನೆರವು ಹೀಗಿದೆ:

"ಲಗ್ನಾಗಿ ಬಂದಾಗಿಂದ ನೀಲಗಂಗಾಗ ತಿನ್ನೂ ಚಪಲ. ನಿನ್ನೀದು, ಮೊನ್ನೀದು. ಬಾಯಿ ಕಟ್ಟಲಿಲ್ಲ, ಈಗ ಉಣ್ಣಾಕತ್ತಾಳ."

ಚಪಲವಂತೆ. ಅಳತೆ ತಪ್ಪಿ ಹೆಚ್ಚಾಗಿ ಮಾಡಿದ್ದು ನಾನು. ಬಿಸಿ ಬೇಕು ಅಂದದ್ದು ಇವರ ಮುದ್ದಿನ ಅಳಿಯ. ಉಳಿದದ್ದನ್ನು ಚೆಲ್ಲಬಾರದೆಂದು ತಿಂದವರಿಗೆ ಚಪಲ.

"ಅಮೃತವ್ವತ್ತಿ, ನೀವು ಇಲ್ಲಿ ಬಂದಾಗ ಅತ್ತಿ ನಿಮಗ ಯಾವತ್ತರ ನಿನ್ನಿ ಸಾರು ಬಡಿಸ್ಯಾರೇನ್ರಿ?"

"ಇಲ್ಲವಾ. ನನಗ ಬಿಸೇದ."

"ಹಂಗಾರ ನಿಮ್ಮ ಪಾಲಿಂದೂ ಅವರ ಉಂಡಾರ. ಸುಮ್ಮ ಕುಂಡ್ರಿ."

ಮದುವೆಯಾದ ಮೇಲೆ ಅವರು ನನ್ನೆದುರು ಸುಮ್ಮನೆ ಕೂತದ್ದು ಇದೇ ಮೊದಲು. ಸಂಜೆಯ ಬಸ್ಸಿಗೆ ಶಿರಹಟ್ಟಿಗೆ ಹೋದರು.

ಜುಲೈ 22

ಡ್ರಿಪ್ ಮುಗಿದ ಮೇಲೆ ರಕ್ತದಲ್ಲಿ ಇಳಿದಿತ್ತು. ಇವತ್ತು ಮತ್ತೆ ಏರಿದೆ. ಈ ಸಲ ಯಾರೂ ಏನೂ ತಿನ್ನಿಸಿಲ್ಲ. ಎಲುಬಿನಲ್ಲಿ ಕೂತದ್ದು ರಕ್ತ ಖಾಲಿಯಾದದ್ದು ನೋಡಿ ಕೆಳಗಿಳಿದು ಬರುತ್ತದಂತೆ. ಹೀಗಾಗುವುದು ಸಾಮಾನ್ಯ, ಕಿಡ್ನಿಗೆ ಸ್ವಲ್ಪ ಬಿಡುವು ಕೊಟ್ಟು ಇನ್ನೊಂದು ಸುತ್ತು ಎಂದರಂತೆ. ಸಾಮಾನ್ಯವಂತೆ. ಆ ಡಾಕ್ಟರ ಅಮ್ಮನಿಗೆ ಆಗಿದ್ದರೆ ಸಾಮಾನ್ಯ ಎನ್ನುತ್ತಿದ್ದರೇ?

ಅತ್ತೆ ಫೋನಿನಲ್ಲಿ ಮಾತಾಡುವುದಿಲ್ಲ. ನಂದೀಶ ಅವರ ಕಿವಿಗೆ ಹಿಡಿಯುತ್ತಾನೆ. ಉಸಿರು ಕೇಳುತ್ತದೆ. ನಾನು ಅಂಗಡಿಯ ಸುದ್ದಿ ಹೇಳುತ್ತೇನೆ.

ಜುಲೈ 27, ಭಾನುವಾರ

ಹುಬ್ಬಳ್ಳಿಯಿಂದ ಅಣ್ಣ ಅಪ್ಪು ಬಂದಿದ್ದ. ಮಂಗಳವಾರ ನಾಗರಪಂಚಮಿ, ಮದುವೆಯಾದ ಮೇಲೆ ಮೊದಲ ಪಂಚಮಿ, ಅಣ್ಣ ಕರೆಯಲು ಬರಲೇಬೇಕು. ಅಮ್ಮ ಹೊಸ ಸೀರೆ ತೆಗೆದಿದ್ದಾಳೆ, ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿದ್ದಾಳೆ, ಅಂಗಳದಲ್ಲಿ ಜೋಕಾಲಿ ಹಾಕಿಸಿದ್ದಾಳೆ. ಎಂಟು ವರ್ಷದವಳಿದ್ದಾಗಿನಿಂದ ನಾನು ಈ ಪಂಚಮಿಯ ಕನಸು ಕಂಡಿದ್ದೆ.

"ಬ್ಯಾಗ್ ತಗೋ, ಶಂಭಿ. ಜಲ್ದಿ," ಎಂದ.

"ಹಿಂಡಿ ಲೋಡ್ ಬರೋದೈತಿ."

"ಏನಂದಿ?"

"ನಾಳೆ ಲಾರಿ ಬರತೈತಿ. ಹನಮಂತಗ ತೂಕ ನೋಡಾಕ ಬರಂಗಿಲ್ಲ. ಮತ್ತ ಬೆಂಗಳೂರಿಂದ ಫೋನ್ ಬಂದ್ರ ನಾ ಹೋಗಬೇಕಾದೀತು."

"ಅಲ್ಲಲೇ, ಅಕಿ ನಿನಗ ಅಷ್ಟ ಬೈತಿದ್ಲಂತ. ಅವ್ವನ ಮುಂದ ಅಳತಿದ್ದೆಲ್ಲ ನೀನ. ಮುದುಕಿ ಇಲ್ಲದಾಗರ ಆರಾಮ ಇರು."

"ಮುದುಕಿ ಅನ್ನಬ್ಯಾಡ."

"ನೀನ ಅಂತಿದ್ದಿ."

"ನಾ ಅಂದೇನು. ನೀ ಅನ್ನಬ್ಯಾಡ."

ಉಂಡಿ ಡಬ್ಬಿ ಇಟ್ಟುಹೋದ. ಎಂಥ ಅಣ್ಣ. ಮನೆಯವರೊಬ್ಬರು ಬೆಂಗಳೂರಿನಲ್ಲಿ ಡ್ರಿಪ್ ಹಾಕಿಸಿಕೊಂಡು ಮಲಗಿರುವಾಗ ಜೋಕಾಲಿ ಆಡಲು ಕರೆಯುತ್ತಾನೆ.

ಆಗಸ್ಟ್ 5

ಎರಡನೆಯ ಸುತ್ತು ಮುಗಿದಿದೆ. ಇಳಿದಿದೆ, ಈ ಸಲ ಹೆಚ್ಚು ಏರಿಲ್ಲ. ಬೆರಳು ಆಡುತ್ತಿವೆ, ಮಣಿಕಟ್ಟು ಅರ್ಧ ಏಳುತ್ತದೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಪೂರ್ತಿ ಹೋಗಿದೆ ಎಂದು ಯಾರೂ ಹೇಳುವುದಿಲ್ಲ, ಎಲುಬಿನದು ಇನ್ನೂ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಯಬೇಕು. ನಂದೀಶನನ್ನು ಗುರುತು ಹಿಡಿದು, ಗಡ್ಡ ಬಿಟ್ಟಿದ್ದಕ್ಕೆ ಬಯ್ದರಂತೆ.

ಫೋನಿನಲ್ಲಿ ಇಷ್ಟು ಹೇಳಿ ನಂದೀಶ ಮುಂದುವರಿಸಿದ. "ಅವ್ವ ಬೆಟಗೇರಿಗೆ ಬರಂಗಿಲ್ಲ ಅನ್ನಾಕತ್ತಾಳ. ಮುಳಗುಂದಕ್ಕ ಬಿಡು ಅಂತಾಳ. ಸೋದರಮಾವ ಪುಂಡಲೀಕಪ್ಪಗ ಫೋನ್ ಹಚ್ಚಿಸ್ಯಾಳ. ಅವರೂ ಕಳಸು ಅಂದ್ರು."

"ಯಾಕಂತ?"

"ನೀ ಅಂದಿದ್ದೆಲ್ಲ, ಬೋಗುಣಿ ಇರಬೇಕು ಇಲ್ಲಾ ನಾ ಇರಬೇಕು ಅಂತ. ಹೊಸಾ ಸೊಸಿ ಮನಿ ಬಿಟ್ರ ಜನಾ ನಗತಾರ, ಹಳೇ ಅತ್ತಿ ಬಿಟ್ರ ಯಾರೂ ಕೇಳಂಗಿಲ್ಲ ಅಂತಾಳ. ಸ್ವಲ್ಪ ದಿನಾ ಇರಲಿ ಬಿಡು, ಶಾಂಭವಿ. ನಿನಗೂ ಹಗುರ ಆಗತೈತಿ."

ಹಗುರವಂತೆ. ನನಗೆ ಹಗುರ ಬೇಕೆಂದು ಯಾರು ಹೇಳಿದರು ಇವನಿಗೆ? ಮುಳಗುಂದದಲ್ಲಿ ಮನೆ ತುಂಬ ಹಳೆಯ ಪಾತ್ರೆ. ಪುಂಡಲೀಕಪ್ಪ ಮಾವ ಒಳ್ಳೆಯವರೇ, ಆದರೆ ಸಾರು ಯಾವುದರಲ್ಲಿ ಇಡುತ್ತಾರೆಂದು ಅವರಿಗೇನು ಗೊತ್ತು? ಮಾತ್ರೆ ಯಾರು ಕೊಡುತ್ತಾರೆ? ಕೈಗೆ ವ್ಯಾಯಾಮ ಯಾರು ಮಾಡಿಸುತ್ತಾರೆ? ಮರೆತು ಎರಡು ಸಲ ಉಪ್ಪು ಹಾಕಿದರೆ, ಅಲ್ಲಿಯವರು ಸುಮ್ಮನೆ ಉಣ್ಣುತ್ತಾರೆಯೇ?

ಹಾಸಿಗೆಯಲ್ಲಿದ್ದವರ ಜೊತೆ ಜಗಳವಾಡಬಾರದು ಎಂದು ಇಷ್ಟು ದಿನ ಸುಮ್ಮನಿದ್ದೆ. ಈಗ ಎದ್ದು ಕೂತಿದ್ದಾರೆ.

ಆಗಸ್ಟ್ 8, ಶುಕ್ರವಾರ

ನಂದೀಶನಿಗೆ ಹೇಳಿ ಫೋನನ್ನು ಅವರ ಕೈಗೇ ಕೊಡಿಸಿದೆ. ಎಡಗೈಗೆ. ಅಂಗಡಿಯಲ್ಲಿ ಮಲ್ಲಸಮುದ್ರದ ಇಬ್ಬರು ಗಿರಾಕಿಗಳು ಕೂತಿದ್ದರು, ಅವರೆದುರೇ ಶುರುಮಾಡಿದೆ.

"ಮುಳಗುಂದಕ್ಕ ಹೊಕ್ಕೀರಂತ."

ಉಸಿರು ಮಾತ್ರ.

"ಹೋಗ್ರಿ. ನಾನೂ ಅಲ್ಲಿಗೇ ಬರ್ತೀನಿ. ನಿಮ್ಮ ಅಣ್ಣನ ಮನ್ಯಾಗ ಒಂದೊಂದ ಪಾತ್ರಿ ಹೊರಗ ತಗೀತೀನಿ. ಅವರ ಹೆಂಡ್ತಿ ಮುಂದ ಕೂಗಾಡ್ತೀನಿ. ಓಣಿ ಮಂದಿ ಎಲ್ಲಾ ಕೂಡ್ತಾರ. ನೀಲಗಂಗವ್ವನ ಸೊಸಿ ಎಂಥಾಕಿ ಅಂತ ನೋಡಲಿ."

ಗಿರಾಕಿಗಳೂ ಕಾದರು. ಆಮೇಲೆ ಬಂತು ಆ ದನಿ. ಸಣ್ಣಗಾಗಿದೆ, ಆದರೆ ಅದೇ.

"ಅಂಗಡ್ಯಾಗ ಕುಂತೀಯಂತಲ್ಲ."

"ಕುಂತೀನ್ರಿ."

"ತಲಿ ಮ್ಯಾಲ ಸೆರಗರ ಐತೋ ಇಲ್ಲೋ?"

"ಇಲ್ಲ. ಚೂಡಿದಾರ."

"ಹಿಂಡಿ ಧೂಳ ಕೂದಲಾಗ ಹೊಕ್ರ ಹೋಗಂಗಿಲ್ಲ. ಹುಚ್ಚಿ. ಬೆಟಗೇರ್ಯಾಗ ಯಾರರ ಹಿಂಗ ಬರೀ ತಲೀಲೆ ಹಿಂಡಿ ಅಂಗಡ್ಯಾಗ ಕುಂಡರ್ತಾರೇನು? ಉದ್ರಿ ಯಾರಿಗಿ ಕೊಟ್ಟಿ? ಹೊಂಬಳದ ಮುದುಕಗ ಕೊಟ್ಟಿದ್ರ ಮುಗೀತ. ಅವ ನಿಮ್ಮ ಮಾವನ ಕಾಲದಿಂದ ನಾಳೆ ಅಂತಾನ."

ಕೊಟ್ಟಿದ್ದೆ. ಹೇಳಲಿಲ್ಲ.

"ನೀವ ಬಂದು ನೋಡ್ರಿ," ಎಂದೆ. ದುಪಟ್ಟಾ ತಲೆಗೆ ಎಳೆದುಕೊಂಡೆ. ಧೂಳು.

"ನಾ ಬಂದ್ರ ಮತ್ತ ಒದರತಿ."

"ಒದರ್ತೀನಿ."

"ನಾನೂ ಅಂತೀನಿ."

"ಅನ್ರಿ."

ಅತ್ತೆ ಫೋನನ್ನು ಕಿವಿಯಿಂದ ತೆಗೆಯದೆಯೇ ನಂದೀಶನಿಗೆ ಹೇಳಿದ್ದು ಕೇಳಿಸಿತು: "ಟಿಕೀಟ್ ಗದಗಿಗೆ ಮಾಡ್ಸಪಾ. ಇಕಿ ಅಂಗಡಿ ಮುಣಗಸ್ತಾಳ."

ನನ್ನ ಬಗ್ಗೆ ಹೀಗೆ ಹೇಳಲು ಅವರಿಗೆ ಎಷ್ಟು ಧೈರ್ಯ. ಮೈಯೆಲ್ಲ ಉರಿಯುತ್ತಿದೆ. ಮೂರು ಸಲ ತೂಕ ತಪ್ಪಿದೆ, ಹನಮಂತ ನಗುತ್ತಿದ್ದಾನೆ. ನಂದೀಶ ಆಗಲೇ ಸಂದೇಶ ಕಳಿಸಿದ್ದಾನೆ. ಭಾನುವಾರ ಸಂಜೆ ಅಲ್ಲಿ ಹತ್ತುತ್ತಾರೆ. ಅತ್ತೆ ಗದಗಿನಲ್ಲಿ ಇಳಿಯುವುದು ಸೋಮವಾರ, ಗೋಲಗುಂಬಜ್ ಎಕ್ಸ್‌ಪ್ರೆಸ್.